ವಿರುದ್ಧರಾಜ್ಯಾತಿಕ್ರಮ: ದಾಖಲೆಯಿಲ್ಲದವನೂ ಶ್ರಾವಕನ ಮೂರನೆಯ ಅಣುವ್ರತವೂ

ಕೆಲವು ವರ್ಷಗಳ ಹಿಂದೆ ತಿಕೋಟಾ ಭಾಗದ ಒಂದು ಬಸದಿಯ ಯಾತ್ರಿನಿವಾಸದ ಕಟ್ಟಡ ಸಮಿತಿಯಲ್ಲಿ ನಾನೂ ಒಬ್ಬ ಸದಸ್ಯನಾಗಿದ್ದೆನು. ಗೋಡೆಗಳು ಎದ್ದು, ಸ್ಲ್ಯಾಬು ಹಾಕಿ ಮುಗಿದು, ಗಿಲಾವು ಮತ್ತು ಫರಸಿ ಹಾಸುವ ಕೆಲಸ ಮಾತ್ರ ಉಳಿದಿತ್ತು. ದ್ರಾಕ್ಷಿ ಚಾಟ್ನಿಯ ದಿನಗಳಾದ್ದರಿಂದ ಊರಿನ ಆಳುಗಳು ತೋಟ ಬಿಟ್ಟು ಬರುವ ಸ್ಥಿತಿಯಲ್ಲಿರಲಿಲ್ಲ. ಗುತ್ತಿಗೆದಾರನು ಎಲ್ಲಿಂದಲೋ ಒಂಬತ್ತು ಮಂದಿ ಗೌಂಡಿಗಳನ್ನೂ ಕೂಲಿಯವರನ್ನೂ ಕರೆತಂದನು. ಅವರ ಮಾತು ಬಂಗಾಳಿ. ಬೆಳಿಗ್ಗೆ ಏಳಕ್ಕೆ ಕೈಗೆ ಸಿಮೆಂಟು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ತೊಳೆಯುವರು. ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುವರು. ಇದು ಬಸದಿಯ ಆವರಣವೆಂದು ಒಮ್ಮೆ ತಿಳಿಸಿದ ಮೇಲೆ ಮೀನು ಮೊಟ್ಟೆಗಳನ್ನು ಹತ್ತಿರಕ್ಕೂ ತರಲಿಲ್ಲ.

ಒಂದು ದಿನ ಚಹದಂಗಡಿಯಲ್ಲಿ ಮಾತು ಹುಟ್ಟಿತು. ಇವರು ಬಾಂಗ್ಲಾದೇಶದವರಂತೆ, ಪೊಲೀಸರು ಕಾಗದಪತ್ರ ಕೇಳಲು ಬರುವರಂತೆ. ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಮೂರು ಕಲ್ಲುಗಳ ಹೊರತು ಏನೂ ಇರಲಿಲ್ಲ. ಅವರು ನಿಜವಾಗಿಯೂ ಗಡಿಯಾಚೆಯವರೋ, ಇಲ್ಲವೇ ನಮ್ಮದೇ ಪಶ್ಚಿಮ ಬಂಗಾಳದ ಮಾಲ್ದಾ, ಮುರ್ಶಿದಾಬಾದಿನವರೋ ಯಾರಿಗೂ ತಿಳಿಯಲಿಲ್ಲ. ತಿಳಿಯಬೇಕೆಂದು ಯಾರೂ ಬಯಸಲೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಪಗಾರ ಕೊಡುವ ಕರಾರಿತ್ತು. ಅವರು ಹೋದದ್ದು ಹದಿನಾಲ್ಕನೆಯ ದಿನದ ರಾತ್ರಿ.

ಕೊನೆಯ ಬಿಲ್ಲು ತಂದಾಗ ಗುತ್ತಿಗೆದಾರನು, “ಹೋದವ್ರನ್ನ ಎಲ್ಲಿಂದ ಹುಡುಕಿ ಕೊಡೂದ್ರೀ? ದೇವರ ಕೆಲಸ ಐತಿ, ಬಿಲ್ಲಿನಾಗ ಇಪ್ಪತ್ತೈದು ಸಾವಿರ ಬಿಡ್ತೀನಿ ತಗೋರಿ” ಎಂದನು. ಸಭೆ ಸಂತೋಷಪಟ್ಟಿತು. ಆ ಮೊತ್ತವನ್ನು ದೇಣಿಗೆಯೆಂದು ಕೀರ್ದಿಯಲ್ಲಿ ಜಮಾ ಮಾಡಿಕೊಳ್ಳಲು ಠರಾವಾಯಿತು. ದಾನಿಗಳ ಅಮೃತಶಿಲೆಯ ಫಲಕದಲ್ಲಿ ಅವನ ಹೆಸರೂ ಸೇರಿತು. ಕೈಯೆತ್ತಿದವರಲ್ಲಿ ನಾನೂ ಒಬ್ಬನು. ದೇವದ್ರವ್ಯದ ಒಂದು ಕಾಸು ಮನೆಯ ಖರ್ಚಿನಲ್ಲಿ ಬೆರೆತರೆ ಜನ್ಮಜನ್ಮಾಂತರಕ್ಕೂ ತೊಳೆಯದ ದೋಷವೆಂದು ಅಂಜುವ ನಮ್ಮ ಸಭೆಗೆ, ಒಂಬತ್ತು ಮಂದಿಯ ಹದಿನಾಲ್ಕು ದಿನಗಳ ಬೆವರು ದೇವದ್ರವ್ಯದಲ್ಲಿ ಬೆರೆತದ್ದು ಕಾಣಲಿಲ್ಲ.

ಅನುಮತಿಯಿಲ್ಲದೆ ಬಂದು ನೆಲೆಸಿದವರನ್ನು ಏನು ಮಾಡಬೇಕೆಂಬುದು ಇಂದು ಜಗತ್ತಿನ ಅನೇಕ ರಾಷ್ಟ್ರಗಳ ದೊಡ್ಡ ವಾದವಾಗಿದೆ. ಹೊರಹಾಕಬೇಕೆ, ಕಂಡೂ ಕಾಣದಂತಿರಬೇಕೆ, ಅಥವಾ ದಂಡ ವಿಧಿಸಿ ಕಾನೂನಿನ ಒಳಗೆ ತೆಗೆದುಕೊಳ್ಳಬೇಕೆ? ಈ ವಾದವನ್ನು ನಾವು ಸಾಮಾನ್ಯವಾಗಿ ರಾಜಕಾರಣದ ಮಾತೆಂದು ಬಿಟ್ಟುಬಿಡುತ್ತೇವೆ. ಇಲ್ಲವೆ ಕರುಣೆಯ ಮಾತೆಂದು ತಿಳಿದು ಒಂದು ನಿಟ್ಟುಸಿರಿನಲ್ಲಿ ಮುಗಿಸುತ್ತೇವೆ. ಆದರೆ ನಮ್ಮ ಶ್ರಾವಕಾಚಾರದಲ್ಲಿ ಇದಕ್ಕೆ ನಿರ್ದಿಷ್ಟವಾದ ಒಂದು ಸ್ಥಾನವೇ ಇದೆಯೆಂಬುದು ಆ ಬಿಲ್ಲಿನ ಪ್ರಸಂಗವಾಗಿ ಬಹಳ ದಿನಗಳಾದ ಮೇಲೆ, ಒಂದು ಸ್ವಾಧ್ಯಾಯದ ಸಂದರ್ಭದಲ್ಲಿ ನನ್ನ ಗಮನಕ್ಕೆ ಬಂದಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೆಂಬುದು ಒಂದು. ಅತಿಚಾರವೆಂದರೆ ವ್ರತವು ಪೂರ್ತಿ ಮುರಿಯದೆ ಬಿರುಕು ಬಿಡುವುದು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಈ ದೋಷವನ್ನು ವೈರಿ ರಾಜ್ಯದ ಎಲ್ಲೆಯನ್ನು ದಾಟುವುದೆಂದೇ ಹೇಳುತ್ತಾರೆ. ನಿಷಿದ್ಧವಾದ ಗಡಿಯನ್ನು ದಾಟುವುದು ಕಳವಿನ ಬಳಗಕ್ಕೆ ಸೇರಿದ ದೋಷವೆಂಬುದು ಈ ಅರ್ಥದಲ್ಲಿ ಸ್ಪಷ್ಟ.

ಇದನ್ನು ಹಗುರವಾಗಿ ಕಾಣಲಾಗದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದೇ ವ್ರತದ ಸಂದರ್ಭದಲ್ಲಿ ಒಂದು ಸೂಕ್ಷ್ಮ ಪ್ರಶ್ನೆಯನ್ನು ಎತ್ತುತ್ತಾರೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಕಳವಾದರೆ, ಭಿಕ್ಷೆಗೆ ಹೊರಟ ಮುನಿ ಊರಬಾಗಿಲನ್ನೂ ಬೀದಿಯನ್ನೂ ಯಾರ ಒಪ್ಪಿಗೆಯೂ ಇಲ್ಲದೆ ಹೊಗುವುದು ಕಳವಾಗದೆ? ಆಗದು, ಅವು ಎಲ್ಲರಿಗೂ ತೆರೆದಿಟ್ಟವು ಎಂಬುದು ಸಮಾಧಾನ. ಆದರೆ ಮುಚ್ಚಿದ ಬಾಗಿಲನ್ನು ಮುನಿ ಹೊಗುವುದಿಲ್ಲ, ಏಕೆಂದರೆ ಅದನ್ನು ತೆರೆದಿಟ್ಟಿಲ್ಲ. ಹೀಗೆ ಬಾಗಿಲು ಮುಚ್ಚುವ ಹಕ್ಕನ್ನು ನಮ್ಮ ಆಚಾರ್ಯರು ಮಾನ್ಯ ಮಾಡಿದ್ದಾರೆ. ನಮ್ಮ ದೇಶವೂ 1946ರ ವಿದೇಶೀಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು, ವಲಸೆ ಮತ್ತು ವಿದೇಶೀಯರ ಕಾಯ್ದೆಯನ್ನು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದಿದೆ. ರಾಜ್ಯವೆಂದ ಮೇಲೆ ಎಲ್ಲೆಯಿರಬೇಕು, ಒಳಬರುವವರ ಲೆಕ್ಕವಿರಬೇಕು. ಇದನ್ನು ಅಲ್ಲಗಳೆಯುವವರೊಡನೆ ನನಗೆ ಸಹಮತವಿಲ್ಲ.

ಆದರೆ ಅದೇ ಪೂಜ್ಯಪಾದರು ವಿರುದ್ಧರಾಜ್ಯಾತಿಕ್ರಮವನ್ನು ವಿವರಿಸುವಾಗ ನಾವು ನಿರೀಕ್ಷಿಸದ ಕಡೆಗೆ ಬೆರಳು ತೋರಿಸುತ್ತಾರೆ. ಗಡಿ ದಾಟಿದವನ ಹೆಜ್ಜೆಯನ್ನು ಅವರು ನೋಡುವುದಿಲ್ಲ; ವ್ಯಾಪಾರಿಯ ಕಣ್ಣನ್ನು ನೋಡುತ್ತಾರೆ. ಉಚಿತವಾದ ನ್ಯಾಯವನ್ನು ಮೀರಿ ಕೊಡುಕೊಳ್ಳುವುದೇ ಅತಿಕ್ರಮ. ರಾಜ್ಯದ ವ್ಯವಸ್ಥೆ ಕೆಟ್ಟಿರುವಲ್ಲಿ ಬೆಲೆಬಾಳುವ ವಸ್ತುಗಳು ಅಗ್ಗಕ್ಕೆ ದೊರೆಯುವುವೆಂದು ಹೊಂಚುವ ಪ್ರಯತ್ನವೇ ಈ ದೋಷವೆಂಬುದು ಅವರ ವಿವರಣೆಯ ತಾತ್ಪರ್ಯ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಕನ್ನಡ ನಾಡಿನ ಆಚಾರ್ಯರೊಬ್ಬರು ಬರೆದ ಈ ಮಾತನ್ನು ಓದಿದಾಗ ನಾನು ಗ್ರಂಥವನ್ನು ಮುಚ್ಚಿ ಸ್ವಲ್ಪ ಹೊತ್ತು ಕುಳಿತೆನು. ಕಾನೂನಿನ ಆಸರೆ ಸಿಕ್ಕದ ಮನುಷ್ಯನ ದುಡಿಮೆಗಿಂತ ಅಗ್ಗಕ್ಕೆ ಸಿಕ್ಕುವ ಬೆಲೆಬಾಳುವ ವಸ್ತು ಇನ್ನಾವುದಿದೆ? ಅವನು ದೂರು ಕೊಡಲಾರ, ಕೂಲಿ ಹೆಚ್ಚು ಕೇಳಲಾರ. ಪೊಲೀಸರೆಂಬ ಒಂದು ಸುದ್ದಿಯೇ ಅವನನ್ನು ಹದಿನಾಲ್ಕು ದಿನಗಳ ಪಗಾರ ಬಿಟ್ಟು ಓಡಿಸಬಲ್ಲುದು. ಬಾಂಗ್ಲಾದೇಶದ ಮಾತನ್ನು ಮೊದಲು ಹುಟ್ಟಿಸಿದವರು ಯಾರೆಂದು ನಮ್ಮ ಸಮಿತಿ ಎಂದೂ ಕೇಳಿಕೊಳ್ಳಲಿಲ್ಲ. ಯಾರ ಮೇಲೂ ಆರೋಪ ಹೊರಿಸಲು ನನ್ನಲ್ಲಿ ಆಧಾರವಿಲ್ಲ. ಲಾಭ ಯಾರಿಗಾಯಿತೆಂಬುದು ಮಾತ್ರ ಕೀರ್ದಿಯಲ್ಲಿದೆ.

ಆದುದರಿಂದ ಈ ದೋಷಕ್ಕೆ ಎರಡು ಮುಖಗಳು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟ ಮನೆಯವನು, ಹಿತ್ತಲಿನಿಂದ ಬಂದವನ ಕೈಯಲ್ಲಿ ಹಗಲೆಲ್ಲ ದುಡಿಸಿಕೊಂಡು, ಸಂಜೆ ಕೂಲಿ ಕೊಡುವ ಹೊತ್ತಿಗೆ ‘ಕಳ್ಳ’ನೆಂದು ಕೂಗಿದರೆ ಕಳವು ಯಾರದು? ಹಸಿವಿನಿಂದ ದಾಟಿದವನ ಅತಿಕ್ರಮವನ್ನು ನಾವು ದುರ್ಬೀನು ಹಿಡಿದು ನೋಡುತ್ತೇವೆ. ಲೋಭದಿಂದ ದುಡಿಸಿಕೊಂಡವನ ಅತಿಕ್ರಮಕ್ಕೆ ಅಮೃತಶಿಲೆಯಲ್ಲಿ ಹೆಸರು ಕೆತ್ತುತ್ತೇವೆ. ಕಷಾಯದ ತೀವ್ರತೆಯನ್ನು ಅನುಸರಿಸಿ ಕರ್ಮಬಂಧವೆಂದು ನಂಬಿದವರಿಗೆ ಹಸಿವೂ ಲೋಭವೂ ಒಂದೇ ತೂಕದವಲ್ಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲನೆಯ ಅಣುವ್ರತದ ಅತಿಚಾರಗಳನ್ನೂ ಇಲ್ಲಿಯೇ ನೆನೆಯಬೇಕು. ಬಂಧ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಮಾತುಗಳನ್ನು ನಾವು ಎತ್ತು ಎಮ್ಮೆಗಳಿಗೆ ಸಂಬಂಧಿಸಿದವೆಂದು ಮಕ್ಕಳ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಕಟ್ಟಿಹಾಕಬಾರದು, ಮಿತಿಮೀರಿದ ಹೊರೆ ಹೊರಿಸಬಾರದು, ಹೊತ್ತಿಗೆ ಮೇವು ನೀರು ತಪ್ಪಿಸಬಾರದು. ಎತ್ತಿಗೆ ಸಲ್ಲುವ ಈ ಮರ್ಯಾದೆ ಮನುಷ್ಯನಿಗೆ ಸಲ್ಲಬೇಕಾದರೆ ಅವನು ಮೊದಲು ಕಾಗದ ತೋರಿಸಬೇಕೆ? 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಮಂದಿ ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ದಾಖಲೆಯಿಲ್ಲದೆ ಆ ದೇಶವನ್ನು ಹೊಕ್ಕವರು ಅವರು. ಪ್ರಯಾಣದುದ್ದಕ್ಕೂ ತಮ್ಮ ಕೈಕಾಲುಗಳಿಗೆ ಸಂಕೋಲೆ ತೊಡಿಸಿದ್ದರೆಂದು ಹಿಂದಿರುಗಿದವರು ಹೇಳಿದಾಗ ದೇಶವೆಲ್ಲ ನೊಂದಿತು, ಮರುದಿನ ಸಂಸತ್ತಿನಲ್ಲಿ ಗದ್ದಲವಾಯಿತು. ಹೀಗೆ ಬಂಧಿಸಿ ಕಳುಹಿಸುವ ಪದ್ಧತಿ 2012ರಿಂದಲೂ ಇದೆಯೆಂದೂ, ಹೆಂಗಸರು ಮಕ್ಕಳಿಗೆ ಅದು ಅನ್ವಯಿಸುವುದಿಲ್ಲವೆಂದು ತಮಗೆ ತಿಳಿಸಲಾಗಿದೆಯೆಂದೂ ವಿದೇಶಾಂಗ ಸಚಿವರು ಉತ್ತರಿಸಿದರು. ಹಿಂದಕ್ಕೆ ಕಳುಹಿಸುವ ಹಕ್ಕು ಆ ರಾಷ್ಟ್ರಕ್ಕಿತ್ತು. ಅದನ್ನು ನಮ್ಮ ಸರಕಾರವೂ ಅಲ್ಲಗಳೆಯಲಿಲ್ಲ. ನಮ್ಮನ್ನು ನೋಯಿಸಿದ್ದು ಸಂಕೋಲೆ. ಆ ನೋವು ನಮ್ಮವರೆಂಬ ಕಾರಣಕ್ಕೆ ಮಾತ್ರ ಹುಟ್ಟಿದ್ದಾದರೆ ಅದು ಅಹಿಂಸೆಯಲ್ಲ, ಸ್ವಜನಪಕ್ಷಪಾತ.

ನಮ್ಮವರು, ಹೊರಗಿನವರು ಎಂಬ ಈ ಭೇದ ವಿಜಯಪುರಕ್ಕೆ ಹೊಸದಲ್ಲ. ಈ ನಗರದ ವೈಭವಕ್ಕೆ ಕಾರಣವಾದ ಆದಿಲಶಾಹಿ ವಂಶದ ಮೂಲಪುರುಷ ಯೂಸುಫನೇ ಸಮುದ್ರದಾಚೆಯಿಂದ ಬಂದವನು. ಪರ್ಷಿಯಾ, ತುರ್ಕಿ, ಅರಬಸ್ಥಾನಗಳಿಂದ ಬಂದ ಆಫಾಕಿಗಳೂ ಇಲ್ಲಿಯವರೆನಿಸಿಕೊಂಡ ದಖನಿಗಳೂ ಈ ಆಸ್ಥಾನದಲ್ಲಿ ತಲೆಮಾರುಗಟ್ಟಲೆ ಸೆಣಸಾಡಿದರು. 1534ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಇಬ್ರಾಹಿಂ ಆದಿಲಶಹನು ಪರದೇಶಿ ಸರದಾರರನ್ನು ಬಹುಮಟ್ಟಿಗೆ ಸೇವೆಯಿಂದ ತೆಗೆದುಹಾಕಿದನು. ಅವನ ಮುಂದಿನವರು ಮತ್ತೆ ಕರೆಸಿಕೊಂಡರು. ಈ ಕಲಹವನ್ನೆಲ್ಲ ಬರೆದಿಟ್ಟ ಇತಿಹಾಸಕಾರ ಫೆರಿಷ್ತಾ ಕೂಡ ಆಸ್ತರಾಬಾದಿನಲ್ಲಿ ಹುಟ್ಟಿ ಇಲ್ಲಿ ಆಶ್ರಯ ಪಡೆದವನು. ಹಾಗೆ ನೋಡಿದರೆ ಕನ್ನಡ ನಾಡಿನ ಜೈನರಾದ ನಮ್ಮ ಪರಂಪರೆಯೂ ಒಂದು ವಲಸೆಯ ನೆನಪಿನಿಂದಲೇ ತೊಡಗುತ್ತದೆ. ಉತ್ತರಾಪಥದಲ್ಲಿ ಹನ್ನೆರಡು ವರ್ಷಗಳ ಕ್ಷಾಮ ಬರುವುದೆಂದು ಅರಿತು ಭದ್ರಬಾಹು ಮುನಿಗಳು ಸಂಘಸಮೇತರಾಗಿ ದಕ್ಷಿಣಕ್ಕೆ ನಡೆದುಬಂದರೆಂಬ ಕಥೆಯನ್ನು ಶ್ರವಣಬೆಳಗೊಳದ ಚಂದ್ರಗಿರಿಯನ್ನು ಹತ್ತಿದ ಪ್ರತಿಯೊಬ್ಬರೂ ಕೇಳಿದ್ದಾರೆ. ಆ ಸಂಘವನ್ನು ಕಟವಪ್ರದ ತಪ್ಪಲಿನಲ್ಲಿ ಯಾರಾದರೂ ತಡೆದು ನಿಲ್ಲಿಸಿದ್ದರೆ! ಇರಲಿ.

ಇಂದು ನಮ್ಮ ಜಿಲ್ಲೆಯವರೇ ಇನ್ನೊಂದು ಊರಿನ ಹೊರಗಿನವರು. ಮಳೆ ಕೈಕೊಟ್ಟ ವರ್ಷ ತಾಂಡಾಗಳೂ ಊರುಗಳೂ ಅರೆಬರಿದಾಗಿ ಜನ ಗೋವೆಗೂ ಮಹಾರಾಷ್ಟ್ರದ ಕಬ್ಬಿನ ಸೀಮೆಗೂ ಹೋಗುತ್ತಾರೆ. ಗೋವೆಯಲ್ಲಿ ಅವರನ್ನು ‘ಘಾಟಿ’ಗಳೆಂದು ಕರೆಯುವರು. ವಾಸ್ಕೋದ ಬೈನಾ ಕಡಲತೀರದಲ್ಲಿ ನೆಲೆಸಿದ್ದ ಕನ್ನಡಿಗರ ಗುಡಿಸಲು ಮನೆಗಳು 2004ರಲ್ಲಿಯೂ 2017ರಲ್ಲಿಯೂ ನೆಲಸಮವಾದವು. ಆಗ ಇಲ್ಲಿ ಪ್ರತಿಭಟನೆ ಮಾಡಿದ ನಾವು, ಇಲ್ಲಿಗೆ ಬಂದವರ ವಿಷಯದಲ್ಲಿ ಹೇಗಿದ್ದೇವೆ? 2023ರ ಡಿಸೆಂಬರ್ 4ರಂದು ವಿಜಯಪುರದ ಅಲಿಯಾಬಾದ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಏಳು ಮಂದಿ ಕೂಲಿಕಾರರು ಅದರ ಕೆಳಗೆ ಸಿಕ್ಕಿ ಅಸುನೀಗಿದರು. ಏಳು ಮಂದಿಯೂ ಬಿಹಾರದವರು. ಅವರು ಈ ದೇಶದ ಪೌರರು. ಸಂವಿಧಾನದ 19ನೆಯ ಅನುಚ್ಛೇದ ಅವರಿಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಕೊಟ್ಟಿದೆ. ಆದಾಗ್ಯೂ ಈ ಊರಿನಲ್ಲಿ ಅವರ ಹೆಸರು ತಿಳಿದದ್ದು ಸತ್ತ ಮೇಲೆ.

ಈಗ ಗಂಭೀರವಾದ ಒಂದು ಆಕ್ಷೇಪಕ್ಕೆ ಬರುತ್ತೇನೆ. ತಪ್ಪು ದಾರಿಯಿಂದ ಬಂದವನಿಗೆ ಕಾನೂನಿನ ಮಾನ್ಯತೆ ಕೊಟ್ಟರೆ ತಪ್ಪಿಗೆ ಬಹುಮಾನ ಕೊಟ್ಟಂತಾಗುವುದಿಲ್ಲವೆ? ಸರದಿಯಲ್ಲಿ ನಿಂತವನಿಗೆ ಅನ್ಯಾಯವಲ್ಲವೆ? ಈ ಪ್ರಶ್ನೆಯನ್ನು ಕೇಳುವವರಲ್ಲಿ ನಮ್ಮ ಬಂಧುಗಳೂ ಇದ್ದಾರೆ. ಅಮೆರಿಕದಲ್ಲಿ ಉದ್ಯೋಗದ ಆಧಾರದ ಮೇಲೆ ಕೊಡುವ ಕಾಯಂ ವಾಸದ ಪರವಾನಗಿಯಲ್ಲಿ ಯಾವುದೇ ಒಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿಯಿರುವುದರಿಂದ, ಎಲ್ಲ ಕಾಗದಗಳನ್ನೂ ಸರಿಯಾಗಿಟ್ಟುಕೊಂಡ ನಮ್ಮ ಕಡೆಯ ತರುಣರು ಅಲ್ಲಿ ಹತ್ತು ಹದಿನೈದು ವರ್ಷ ಕಾಯುತ್ತಿದ್ದಾರೆ. ತಂದೆಯ ಅಂತ್ಯಕ್ರಿಯೆಗೆ ಬಂದರೆ ಹಿಂದಿರುಗಲು ವೀಸಾ ದೊರೆಯುವುದೋ ಇಲ್ಲವೋ ಎಂದು ಅಂಜಿ ಬಾರದೆ ಉಳಿದ ಮಗನನ್ನು ನಾನು ಬಲ್ಲೆ. ಅವನ ಮುಂದೆ ನಿಂತು ಕ್ಷಮೆಯ ಉಪದೇಶ ಮಾಡುವುದು ಸುಲಭವಲ್ಲ.

ಆದರೆ ನಮ್ಮ ಶಾಸ್ತ್ರವು ತಪ್ಪಿಗೆ ಕ್ಷಮೆ ಅಥವಾ ಬಹಿಷ್ಕಾರವೆಂಬ ಎರಡೇ ದಾರಿಗಳನ್ನು ಇಟ್ಟಿಲ್ಲ. ಪ್ರಾಯಶ್ಚಿತ್ತವನ್ನು ಒಂಬತ್ತು ಬಗೆಯಾಗಿ ಹೇಳಿದೆ. ಅವುಗಳಲ್ಲಿ ‘ಛೇದ’ವೆಂಬುದೊಂದಿದೆ. ದೋಷ ಮಾಡಿದ ಮುನಿಯ ದೀಕ್ಷಾಕಾಲದಲ್ಲಿ ಇಷ್ಟು ದಿನ, ಇಷ್ಟು ತಿಂಗಳು, ಇಷ್ಟು ವರ್ಷವೆಂದು ಕತ್ತರಿಸುವುದು. ಅವನು ಸಂಘದಲ್ಲಿಯೇ ಉಳಿಯುವನು, ಪಿಂಛಿ ಕಮಂಡಲು ಅವನ ಕೈಯಲ್ಲಿಯೇ ಇರುವುವು. ಆದರೆ ನಿನ್ನೆಯವರೆಗೆ ತನಗಿಂತ ಕಿರಿಯರಾಗಿದ್ದವರಿಗೆ ಇಂದು ತಾನು ಮೊದಲು ವಂದಿಸಬೇಕು. ಸಾಲಿನಲ್ಲಿ ಹಿಂದಕ್ಕೆ ಹೋಗಿ ನಿಲ್ಲಬೇಕು. ದೋಷವನ್ನು ಮುಚ್ಚಿಡುವುದಿಲ್ಲ, ಮನುಷ್ಯನನ್ನು ಕಳೆದುಕೊಳ್ಳುವುದೂ ಇಲ್ಲ.

ಅಮೆರಿಕದ ಸೆನೆಟ್ ಸಭೆ 2013ರ ಜೂನ್ 27ರಂದು 68-32 ಮತಗಳಿಂದ ಒಪ್ಪಿದ ವಲಸೆ ಸುಧಾರಣಾ ಮಸೂದೆಯ ಸ್ವರೂಪ ಹೆಚ್ಚು ಕಡಿಮೆ ಇದೇ ಆಗಿತ್ತು. ದಾಖಲೆಯಿಲ್ಲದವರು ಮುಂದೆ ಬಂದು ಹೆಸರು ನೋಂದಾಯಿಸಬೇಕು, ದಂಡವನ್ನೂ ಬಾಕಿ ತೆರಿಗೆಯನ್ನೂ ಕಟ್ಟಬೇಕು, ತಾತ್ಕಾಲಿಕ ಮಾನ್ಯತೆ ಪಡೆದು ಸರದಿಯ ಕೊನೆಯಲ್ಲಿ ನಿಲ್ಲಬೇಕು. ಪೌರತ್ವಕ್ಕೆ ಸುಮಾರು 13 ವರ್ಷ. ಅಲ್ಲಿಯ ಕೆಳಮನೆ ಅದನ್ನು ಮತಕ್ಕೇ ತೆಗೆದುಕೊಳ್ಳಲಿಲ್ಲ. ಅದಕ್ಕೆ ಮೊದಲು, 1986ರ ಕಾಯ್ದೆಯ ಮೂಲಕ ಸುಮಾರು 27 ಲಕ್ಷ ಜನರಿಗೆ ಮಾನ್ಯತೆ ದೊರೆತಿತ್ತು. ಅದೇ ಕಾಯ್ದೆ ದಾಖಲೆಯಿಲ್ಲದವರನ್ನು ತಿಳಿದೂ ತಿಳಿದೂ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ ಮೊದಲ ಬಾರಿಗೆ ಶಿಕ್ಷೆಯನ್ನು ವಿಧಿಸಿತ್ತು. ಮೊದಲ ಭಾಗ ನಡೆಯಿತು, ಎರಡನೆಯದು ಸಡಿಲವಾಯಿತು. ಅಗ್ಗದ ದುಡಿಮೆಯ ಆಸೆ ಹಾಗೆಯೇ ಉಳಿದುದರಿಂದ ಹಿತ್ತಲ ಬಾಗಿಲೂ ತೆರೆದೇ ಉಳಿಯಿತು. ಕ್ಷಮೆಯಿಂದಲೇ ಮತ್ತೆ ಜನ ಬಂದರೆಂದು ವಾದಿಸುವವರು ಈ ಎರಡನೆಯ ಭಾಗವನ್ನು ಮರೆಯುತ್ತಾರೆ. ಪೂಜ್ಯಪಾದರು ಬೆರಳು ತೋರಿದ ಕಡೆಗೆ ಶಿಕ್ಷೆ ತಲುಪಲೇ ಇಲ್ಲ.

ಮಾನ್ಯತೆ ಕೊಟ್ಟರೆ ಲೋಕ ಮುಳುಗುವುದೆಂಬ ಭಯಕ್ಕೆ ನಮ್ಮ ಹತ್ತಿರದ ಒಂದು ನಿದರ್ಶನವಿದೆ. ಅದು ಪೂರ್ತಿ ಹೋಲುವುದಿಲ್ಲವೆಂದು ಮೊದಲೇ ಒಪ್ಪುತ್ತೇನೆ, ಏಕೆಂದರೆ ಅಲ್ಲಿಯ ಜನ ಪರದೇಶಿಗಳಲ್ಲ, ಪೌರರೇ. ನಮ್ಮ ಜಿಲ್ಲೆಯ ಲಂಬಾಣಿ ತಾಂಡಾಗಳು ತಲೆಮಾರುಗಳಿಂದ ಇದ್ದರೂ ಅನೇಕವು ಕಂದಾಯದ ಲೆಕ್ಕದಲ್ಲಿ ಇರಲಿಲ್ಲ. ಸರಕಾರದ ಮಾತಿನಲ್ಲಿಯೇ ಅವು ‘ದಾಖಲೆರಹಿತ ಜನವಸತಿ’ಗಳು. ಮನೆಯಿದ್ದೂ ಉತಾರವಿಲ್ಲ, ಉತಾರವಿಲ್ಲದುದರಿಂದ ಬ್ಯಾಂಕಿನ ಸಾಲವಿಲ್ಲ. ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಇಂಥವರಿಗೆ ವಾಸದ ನೆಲದ ಒಡೆತನ ಸಿಗುವಂತಾಯಿತು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ಜನವಸತಿಗಳು ಕಂದಾಯ ಗ್ರಾಮಗಳಾದವು. 2023ರ ಜನವರಿ 19ರಂದು 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಮಂತ್ರಿಗಳು ಹಕ್ಕುಪತ್ರ ವಿತರಿಸಿದ್ದು ಮಳಖೇಡದಲ್ಲಿ, ಅಂದರೆ ಅಮೋಘವರ್ಷನ ಮಾನ್ಯಖೇಟದಲ್ಲಿ. ಅದರಿಂದ ನೆರೆಯ ಯಾವ ರೈತನ ಪಹಣಿಯೂ ಹರಿಯಲಿಲ್ಲ.

ಪರದೇಶಿಗಳ ವಿಷಯದಲ್ಲಿಯೂ ನಮ್ಮ ಕಾನೂನು ಒಂದು ಬಾಗಿಲನ್ನು ತೆರೆದಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಯು ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮದವರನ್ನು ಅಕ್ರಮ ವಲಸೆಯ ದೋಷದಿಂದ ಬಿಡಿಸಿತು. ಅದರ ನಿಯಮಗಳು 2024ರ ಮಾರ್ಚ್ 11ರಂದು ಪ್ರಕಟವಾದವು. ಆ ಆರರಲ್ಲಿ ಜೈನರ ಹೆಸರೂ ಇದೆ. ಆ ಪಟ್ಟಿಯಲ್ಲಿ ಇನ್ನೂ ಯಾರಿರಬೇಕಾಗಿತ್ತೆಂಬ ವಿವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಕಾಗದವಿಲ್ಲದೆ ದಾಟಿದವನೆಲ್ಲ ಅಪರಾಧಿಯಲ್ಲ, ದಾಟುವಿಕೆಗೂ ಒಂದು ಕಾರಣವಿರಬಹುದು ಎಂಬ ತತ್ತ್ವವನ್ನು ಒಪ್ಪಿದ ಕಾಯ್ದೆಯಲ್ಲಿ ನಮ್ಮ ಹೆಸರು ಇರುವಾಗ, ಬೇವಿನ ಮರದ ಕೆಳಗೆ ಅನ್ನ ಬೇಯಿಸಿಕೊಂಡವರ ಕಾರಣವೇನೆಂದು ಕೇಳುವ ಹೊಣೆ ನಮಗೆ ಇತರರಿಗಿಂತ ಹೆಚ್ಚೆಂದು ನಾನು ತಿಳಿದಿದ್ದೇನೆ. ಅವರು ಪರದೇಶಿಗಳೇ ಆಗಿದ್ದರೆ ಅವರನ್ನು ಇಡುವುದು ಕಳುಹಿಸುವುದು ಸರಕಾರಕ್ಕೆ ಬಿಟ್ಟದ್ದು. ಕೂಲಿ ಕೊಡುವುದು ಸರಕಾರಕ್ಕೆ ಬಿಟ್ಟದ್ದಲ್ಲ.

ಕಳೆದ ಪರ್ಯೂಷಣದ ನಂತರದ ಸಭೆಯಲ್ಲಿ ಈ ಮಾತನ್ನು ಎತ್ತಿದೆನು. ಆರಂಭದಲ್ಲಿ ಮೌನ, ಬಳಿಕ ಒಬ್ಬ ಹಿರಿಯರು, “ಮುಗದ್ ಹೋದ ಕೆಲಸಾ ಈಗ್ಯಾಕ ತಗೀತೀರಿ?” ಎಂದು ಕೇಳಿದರು. ಖಜಾಂಚಿಯವರು ಮಾತನಾಡದೆ ಹಳೆಯ ಕೀರ್ದಿಯನ್ನು ತರಿಸಿದರು. ಒಂಬತ್ತು ಮಂದಿ, ಹದಿನಾಲ್ಕು ದಿನ. ಗೌಂಡಿಗೊಂದು ದರ, ಕೂಲಿಗೊಂದು ದರ. ಲೆಕ್ಕ ಹಾಕಿದಾಗ ನಮಗೆ ಬಂದ ದೇಣಿಗೆಯ ಮೂರರಷ್ಟಕ್ಕೂ ಹೆಚ್ಚಿನ ಮೊತ್ತ ಬಂದಿತು. ನಮ್ಮ ಪಾಲಿನ ಇಪ್ಪತ್ತೈದು ಸಾವಿರವನ್ನು ದೇಣಿಗೆಯಿಂದ ತೆಗೆದು ‘ಕೊಡತಕ್ಕ ಬಾಕಿ’ಯೆಂದು ಬರೆಯಲು, ಉಳಿದುದಕ್ಕೆ ಗುತ್ತಿಗೆದಾರನಿಗೆ ಪತ್ರ ಕಳುಹಿಸಲು ಠರಾವಾಯಿತು. ಪತ್ರಕ್ಕೆ ಉತ್ತರ ಬಂದಿಲ್ಲ.

ಬಾಕಿಯನ್ನು ಯಾರ ಹೆಸರಿನಲ್ಲಿ ಬರೆಯಬೇಕೆಂದು ಖಜಾಂಚಿಯವರು ಕೇಳಿದರು. ಸಮಿತಿಯ ಏಳು ಜನರೂ ನೆನಪು ಮಾಡಿಕೊಂಡೆವು. ಬಸದಿಯ ಪೂಜಾರರನ್ನೂ ಕರೆಸಿ ಕೇಳಿದೆವು. ಒಂಬತ್ತು ಮಂದಿಯಲ್ಲಿ ಇಬ್ಬರ ಹೆಸರು ಮಾತ್ರ ಸಿಕ್ಕಿತು, ಅದೂ ಕರೆಯುವ ಹೆಸರು.